ಕೋಟೆ ಮುಗಿಯಿತು, ಆಕಾಶ ಮುಗಿಯುತ್ತಿಲ್ಲ. ಜಿಗ್ಸಾ ಪಜಲ್ ಮಾಡುವವರು ಯಾರಾದರೂ ಇದ್ದೀರಾ?

ಗಾಳಿಬೀಡು_ಮಳೆಮನೆ
ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನ ಗುಂಪಿನಲ್ಲಿ ಕಾಫಿ, ಕರಿಮೆಣಸು, ಆನೆ ಬಿಟ್ಟು ಬೇರೆ ವಿಷಯ ಎತ್ತುತ್ತಿದ್ದೇನೆ, ಬೈಯಬೇಡಿ.

ಮಗಳು ಬೆಂಗಳೂರಿನಿಂದ ಬರುವಾಗ 1000 ತುಂಡಿನ ಜಿಗ್ಸಾ ಪಜಲ್ ತಂದುಕೊಟ್ಟಳು. "ಮಳೆಗಾಲ ಪೂರ್ತಿ ಟಿವಿ ಮುಂದೆ ಕೂತು ರಾಜಕಾರಣಿಗಳಿಗೆ ಬೈಯುವ ಬದಲು ಇದನ್ನು ಮಾಡಪ್ಪ" ಅಂದಳು. ಚಿತ್ರ ಜರ್ಮನಿಯ ಯಾವುದೋ ಕೋಟೆ. ಬೆಟ್ಟದ ಮೇಲೆ ಬಿಳಿ ಗೋಪುರಗಳು, ಕೆಳಗೆ ಕಾಡು, ಮೇಲೆ ಆಕಾಶ.

ಅಂಚು ಎರಡು ಸಂಜೆಯಲ್ಲಿ ಆಯಿತು. ಕೋಟೆ ನಾಲ್ಕು ದಿನದಲ್ಲಿ ಆಯಿತು. ನನ್ನಷ್ಟು ಜಾಣ ಇಡೀ ಗಾಳಿಬೀಡಿನಲ್ಲಿ ಇಲ್ಲ ಅಂದುಕೊಂಡೆ. ಆಮೇಲೆ ಆಕಾಶಕ್ಕೆ ಕೈ ಹಾಕಿದೆ. ಹನ್ನೊಂದು ದಿನದಲ್ಲಿ ಕೂತದ್ದು ಒಂಬತ್ತು ತುಂಡು. ಇನ್ನೂ 212 ಉಳಿದಿವೆ, ಎಣಿಸಿದ್ದೇನೆ. ಎಲ್ಲವೂ ಒಂದೇ ನೀಲಿ. ಕಾಡಿನ ಮಾತು ಈಗ ಬೇಡ.

ಊಟದ ಮೇಜು ಅದಕ್ಕೇ ಹೋಗಿದೆ. ನಾವಿಬ್ಬರೂ ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಉಣ್ಣುತ್ತಿದ್ದೇವೆ. ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ ಹಬ್ಬ. ನೆಂಟರು ಬರುವ ಮೊದಲು ಮೇಜು ಖಾಲಿಯಾಗಬೇಕು ಅಂತ ನಮ್ಮ ಮನೆಯವರ ಆಜ್ಞೆ.

ಇಂಥ ಕಡೆ ಸಿಕ್ಕಿಬಿದ್ದಾಗ ನೀವೆಲ್ಲ ತಾಳ್ಮೆ ಎಲ್ಲಿಂದ ತರುತ್ತೀರಿ? ಇಲ್ಲ, ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಲಾ?

ಬೈಂಬಳೆ_ಪ್ರಿಯ
ಅಟ್ಟಕ್ಕೆ ಹಾಕಿ. ಗಾಳಿಬೀಡಿನಲ್ಲಿ ಜುಲೈ ತಿಂಗಳಲ್ಲಿ ಆಕಾಶ ಹುಡುಕುವುದೇ ತಪ್ಪು.

ಗೋಣಿಕೊಪ್ಪದ_ಅಕ್ಕ
ಅಣ್ಣ, ಅಟ್ಟಕ್ಕೆ ಹಾಕಬೇಡಿ. ನಾನು ಹತ್ತು ವರ್ಷದಿಂದ ಮಾಡುತ್ತಿದ್ದೇನೆ. ಆಕಾಶ, ಹಿಮ, ಸಮುದ್ರ ಎಲ್ಲ ನೋಡಿ ಆಯಿತು. ನನ್ನ ಉಪಾಯ ಒಂದೇ: ಅದರ ಮುಂದೆ ಕೂರಬಾರದು.

ಮೇಜು ನಡುಮನೆಯಲ್ಲಿ ಇರಲಿ. ಅಡುಗೆಮನೆಗೆ ಹೋಗುವಾಗ ಒಂದು ಕಣ್ಣು, ಬರುವಾಗ ಒಂದು ಕಣ್ಣು. ಕೈಗೆ ಒಂದು ತುಂಡು ಸಿಕ್ಕರೆ ಕೂರಿಸಿ, ಇಲ್ಲದಿದ್ದರೆ ಮುಂದೆ ಹೋಗಿ. ಅನ್ನ ಬೇಯುವಷ್ಟು ಹೊತ್ತಿನಲ್ಲಿ ಎರಡು ಕೂತರೆ ಆ ದಿನದ ಮಟ್ಟಿಗೆ ಸಾಕು. ಗಟ್ಟಿಯಾಗಿ ಕೂತು ದಿಟ್ಟಿಸಿದರೆ ಇಪ್ಪತ್ತು ನಿಮಿಷದಲ್ಲಿ ಎಲ್ಲ ತುಂಡೂ ಒಂದೇ ಥರ ಕಾಣುತ್ತದೆ. ಆಗ ಸಿಟ್ಟು ಬರುತ್ತದೆ. ಸಿಟ್ಟಿನಲ್ಲಿ ಮುಷ್ಟಿಯಿಂದ ಗುದ್ದಿ ಕೂರಿಸುತ್ತೀರಿ. ಅಲ್ಲಿಗೆ ಕತೆ ಮುಗಿಯಿತು.

ಗಾಳಿಬೀಡು_ಮಳೆಮನೆ
ಅಕ್ಕ, ಗುದ್ದುವ ವಿಷಯ ನಿಮಗೆ ಹೇಗೆ ಗೊತ್ತಾಯಿತು?

ಗೋಣಿಕೊಪ್ಪದ_ಅಕ್ಕ
ಗಂಡಸರು ಅಲ್ವಾ.

ಲೆಕ್ಕದ_ಮೇಷ್ಟ್ರು
ವಿರಾಜಪೇಟೆಯಿಂದ. ನಿವೃತ್ತ ಗಣಿತ ಶಿಕ್ಷಕ. ಅಕ್ಕನವರ ಮಾತಿಗೆ ನನ್ನ ವಿರೋಧವಿದೆ. ತಾಳ್ಮೆ ಅಂದರೆ ಸುಮ್ನೆ ಓಡಾಡುವುದಲ್ಲ. ಲೆಕ್ಕ ಹಾಕಿ ನೋಡಿ.

ಒಂದೇ ಬಣ್ಣದ 212 ತುಂಡು. ಒಂದು ಜಾಗ ಹಿಡಿದು ತುಂಡುಗಳನ್ನು ಒಂದೊಂದಾಗಿ ಇಟ್ಟು ನೋಡಿದರೆ, ಸರಾಸರಿ ಅರ್ಧ ರಾಶಿ ಮುಗಿಯುವ ಹೊತ್ತಿಗೆ ಸರಿಯಾದದ್ದು ಸಿಗುತ್ತದೆ. ಮೊದಲ ಜಾಗಕ್ಕೆ 106 ಸಲ. ಹೀಗೇ ಕೊನೆಯವರೆಗೆ ಕೂಡಿದರೆ 11,000ಕ್ಕೂ ಜಾಸ್ತಿ ಸಲ ಇಟ್ಟು ನೋಡಬೇಕು. ತಿರುಗಿಸಿ ಇಡುವುದನ್ನು ಇದರಲ್ಲಿ ಸೇರಿಸಿಲ್ಲ.

ಈಗ ಆಕಾರ ನೋಡಿ. ಮಾಮೂಲಿ ಪಜಲ್‌ನ ಒಳಗಿನ ತುಂಡಿಗೆ ನಾಲ್ಕು ಬದಿ. ಒಂದೊಂದು ಬದಿಯಲ್ಲೂ ಹೊರಗೆ ಚಾಚಿದ ತಲೆ ಇರುತ್ತದೆ, ಇಲ್ಲವೇ ಒಳಗೆ ಹೋದ ಗೂಡು ಇರುತ್ತದೆ. ತಿರುಗಿಸಿದರೆ ಒಂದೇ ಆಗುವುದನ್ನು ಬಿಟ್ಟರೆ ಒಟ್ಟು ಆರೇ ಜಾತಿ. ನಾಲ್ಕೂ ತಲೆ. ಮೂರು ತಲೆ ಒಂದು ಗೂಡು. ಎದುರುಬದುರು ಎರಡು ತಲೆ. ಪಕ್ಕಪಕ್ಕ ಎರಡು ತಲೆ. ಒಂದು ತಲೆ ಮೂರು ಗೂಡು. ನಾಲ್ಕೂ ಗೂಡು. ಆರು ತಟ್ಟೆಗೆ ಹಾಕಿ. ಗುಂಪುಗಳು ಸಮ ಇದ್ದರೆ ಆ 11,000 ಇಳಿದು 2,000ದ ಒಳಗೆ ಬರುತ್ತದೆ. ನಿಜದಲ್ಲಿ ಸಮ ಇರುವುದಿಲ್ಲ, ಎದುರುಬದುರಿನದ್ದೇ ಜಾಸ್ತಿ ಇರುತ್ತದೆ. ಆದರೂ ಲಾಭವೇ. ಆ ಜಾತಿಯದ್ದನ್ನು ಎರಡು ದಿಕ್ಕಿನಲ್ಲಿ ಇಟ್ಟು ನೋಡಿದರೆ ಸಾಕು. ಪಕ್ಕಪಕ್ಕ ತಲೆಯದ್ದಕ್ಕೆ ಒಂದೇ ದಿಕ್ಕು.

ಇನ್ನೊಂದು ಸಮಾಧಾನದ ಮಾತು. ರಾಶಿ ಅರ್ಧವಾದರೆ ಉಳಿದ ಕೆಲಸ ಅರ್ಧ ಅಲ್ಲ, ಕಾಲು ಭಾಗ. 106 ತುಂಡು ಉಳಿದಾಗ 2,800 ಚಿಲ್ಲರೆ ಸಲ ಅಷ್ಟೇ. ಕಷ್ಟವೆಲ್ಲ ಆರಂಭದಲ್ಲೇ ಇದೆ.

ಗೋಣಿಕೊಪ್ಪದ_ಅಕ್ಕ
ಮೇಷ್ಟ್ರೇ, ಇದು ಆಟ. ಪರೀಕ್ಷೆ ಅಲ್ಲ.

ಲೆಕ್ಕದ_ಮೇಷ್ಟ್ರು
ಹನ್ನೊಂದು ದಿನಕ್ಕೆ ಒಂಬತ್ತು ತುಂಡು ಅಂದರೆ ಅದು ಆಟವೂ ಅಲ್ಲಮ್ಮ.

ಬೈಂಬಳೆ_ಪ್ರಿಯ
😂😂 ಮೇಷ್ಟ್ರಿಗೆ ಒಂದು ಅಂಕ.

ಹಳೆ_ಡಬ್ಬ
ಡಬ್ಬದ ಚಿತ್ರ ನೋಡಿಕೊಂಡು ಮಾಡುತ್ತಿದ್ದೀರಾ? ಹಾಗಾದರೆ ಅದು ಕಾಪಿ ಹೊಡೆದ ಹಾಗೆ. ನಾನು ಮುಚ್ಚಳ ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತೇನೆ.

ಗಾಳಿಬೀಡು_ಮಳೆಮನೆ
ಮುಚ್ಚಳದಲ್ಲೂ ಬರೀ ನೀಲಿಯೇ ಇದೆ ಮಾರಾಯ್ರೇ. ನೋಡಿದರೂ ಒಂದೇ, ಬಿಟ್ಟರೂ ಒಂದೇ.

ಬೆಂಗಳೂರಲ್ಲಿ_ಕೊಡಗಿನವ
ಚಿತ್ರ ನೋಡಬಾರದು ಅಂತ ಯಾವ ಶಾಸ್ತ್ರದಲ್ಲಿದೆ? ಸ್ಪೇನ್‌ನ ವಯಾಡೊಲಿಡ್‌ನಲ್ಲಿ 2019ರಿಂದ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಅಲ್ಲೂ ಚಿತ್ರ ನೋಡಿಕೊಂಡೇ ಮಾಡುತ್ತಾರೆ. 500 ತುಂಡಿನದ್ದನ್ನು ಒಬ್ಬರೇ ಕೂತು ಒಂದು ಗಂಟೆಯೊಳಗೆ ಮುಗಿಸುವವರಿದ್ದಾರೆ.

ಹಳೆ_ಡಬ್ಬ
ಶಾಸ್ತ್ರ ಅಲ್ಲ, ಇತಿಹಾಸ. 1900ರ ನಂತರ ಅಮೆರಿಕದಲ್ಲಿ ದೊಡ್ಡವರಿಗೆ ಅಂತ ಬಂದ ಮರದ ಪಜಲ್‌ಗಳ ಡಬ್ಬದ ಮೇಲೆ ಚಿತ್ರವೇ ಇರುತ್ತಿರಲಿಲ್ಲ. ಶೀರ್ಷಿಕೆ ಮಾತ್ರ. ಅದನ್ನು ಓದಿ ಊಹಿಸಬೇಕಿತ್ತು. ಅದಕ್ಕೂ ಮೊದಲು, 1760ರ ದಶಕದಲ್ಲಿ, ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಅನ್ನುವವರು ಭೂಪಟವನ್ನು ಮರದ ಹಲಗೆಗೆ ಅಂಟಿಸಿ ದೇಶಗಳ ಗಡಿಗೆ ಸರಿಯಾಗಿ ಗರಗಸದಲ್ಲಿ ಕೊಯ್ದರು. ಮಕ್ಕಳಿಗೆ ಭೂಗೋಳ ಕಲಿಸುವುದಕ್ಕೆ. ಆಗಿನವು ಈಗಿನ ಹಾಗೆ ಒಂದಕ್ಕೊಂದು ಕಚ್ಚಿಕೊಳ್ಳುತ್ತಿರಲಿಲ್ಲ. ಪಕ್ಕದವರ ಮೊಣಕೈ ತಾಗಿದರೆ ಯುರೋಪ್ ಪೂರ್ತಿ ಚದುರಿಹೋಗುತ್ತಿತ್ತು.

ಸೋಮವಾರಪೇಟೆ_ಹುಡುಗ
ಭೂಪಟ ಅಂದಾಗ ನೆನಪಾಯಿತು. ನಾನು ಪ್ರೈಮರಿಯಲ್ಲಿ ಇದ್ದಾಗ ಕ್ಲಾಸಿನಲ್ಲಿ ಕರ್ನಾಟಕದ ಜಿಲ್ಲೆಗಳ ಪಜಲ್ ಇತ್ತು, ರಟ್ಟಿನದ್ದು. ಎಲ್ಲ ಜಿಲ್ಲೆ ಇತ್ತು, ಕೊಡಗು ಮಾತ್ರ ಕಳೆದುಹೋಗಿತ್ತು! ಮೈಸೂರಿನ ಪಕ್ಕ ಒಂದು ತೂತು. ಬೀದರ್ ಎಲ್ಲಿದೆ ಅಂತ ನಮಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಊರು ಮಾತ್ರ ಬೆಂಚಿನ ಬಣ್ಣ.

ಬೈಂಬಳೆ_ಪ್ರಿಯ
1956ರವರೆಗೆ ನಾವು ಬೇರೆ ರಾಜ್ಯವೇ ಅಲ್ವಾ. ಆ ಪಜಲ್ ಮಾಡಿದವರಿಗೆ ಸುದ್ದಿ ತಲುಪಿರಲಿಲ್ಲ.

ಲೆಕ್ಕದ_ಮೇಷ್ಟ್ರು
ಈಗ ಮಾಡಿಸಿದರೆ 31 ತುಂಡು ಬೇಕು. 2021ರಲ್ಲಿ ವಿಜಯನಗರ ಸೇರಿತು.

ಸೋಮವಾರಪೇಟೆ_ಹುಡುಗ
ವಿಷಯಕ್ಕೆ ಬರುತ್ತೇನೆ. ಗಾಳಿಬೀಡಿನ ಅಣ್ಣ, ಒಂದು ಮುಖ್ಯ ಪ್ರಶ್ನೆ. ತುಂಡುಗಳು ಸಲೀಸಾಗಿ ಕೂರುತ್ತಿವೆಯಾ, ಒತ್ತಿ ಕೂರಿಸಬೇಕಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಇದು ರಟ್ಟು. ರಟ್ಟು ನೀರಿನ ಪಸೆ ಕುಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಪಜಲ್ ಬಿಡುತ್ತದಾ? ಹೋದ ವರ್ಷ ನನ್ನದು ಉಬ್ಬಿ, ಮೇಲಿನ ಚಿತ್ರದ ಕಾಗದವೇ ಎದ್ದು ಬಂತು. ಉಬ್ಬಿದ ತುಂಡು ಸರಿಯಾದ ಜಾಗದಲ್ಲೂ ಬಿಗಿಯಾಗುತ್ತದೆ, ತಪ್ಪು ಜಾಗದಲ್ಲೂ ಬಿಗಿಯಾಗುತ್ತದೆ. ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಗೋಣಿಕೊಪ್ಪದ_ಅಕ್ಕ
ಇದು ನಿಜ. ಬೇಸಿಗೆಯಲ್ಲಿ ನಾನು ಎತ್ತಿ ನೋಡುತ್ತೇನೆ. ಎರಡು ತುಂಡು ಸೇರಿಸಿ ಒಂದನ್ನು ಹಿಡಿದು ಎತ್ತಿದರೆ, ಜೋಡಿ ಸರಿ ಇದ್ದರೆ ಇನ್ನೊಂದೂ ಜೊತೆಗೆ ಬರುತ್ತದೆ, ತಪ್ಪಿದ್ದರೆ ಜಾರಿ ಬೀಳುತ್ತದೆ. ಮಳೆಗಾಲದಲ್ಲಿ ಇದನ್ನು ನಂಬುವ ಹಾಗಿಲ್ಲ, ಎಲ್ಲವೂ ಅಂಟಿಕೊಂಡೇ ಬರುತ್ತದೆ.

ಒಣಗಿಸುತ್ತೇನೆ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ನಾನು ಇಟ್ಟಿದ್ದೆ. ತುಂಡುಗಳು ಚಿಪ್ಪಿನ ಹಾಗೆ ಬಾಗಿದವು, ಹೊಗೆಯ ವಾಸನೆ ಬೇರೆ. ಹೊಸ ಶೂ ಡಬ್ಬದಲ್ಲಿ ಪುಟ್ಟ ಪೊಟ್ಟಣ ಬರುತ್ತದಲ್ಲ, ಸಿಲಿಕಾ ಜೆಲ್, ಅದನ್ನು ಹಾಕಿ ಬಿಗಿ ಮುಚ್ಚಳದ ಡಬ್ಬದಲ್ಲಿ ಎರಡು ದಿನ ಇಡಿ.

ಗಾಳಿಬೀಡು_ಮಳೆಮನೆ
ಬಿಗಿಯಾಗೇ ಇವೆ. ನಾನು ಒಳ್ಳೆ ಕಂಪನಿಯದ್ದು, ಅದಕ್ಕೇ ಗಟ್ಟಿ ಅಂದುಕೊಂಡಿದ್ದೆ. ನೂರು ಚಿಲ್ಲರೆ ತುಂಡು ಡಬ್ಬಕ್ಕೆ ಹಾಕಿದ್ದೇನೆ. ಮೇಷ್ಟ್ರು ಹೇಳಿದ ಹಾಗೆ ಉಳಿದವನ್ನು ಆರು ಗುಂಪೂ ಮಾಡಿದೆ. ಮನೆಯಲ್ಲಿ ಆರು ತಟ್ಟೆ ಹೋಯಿತು, ಈಗ ಊಟಕ್ಕೆ ಬಾಳೆಲೆ.

ಕಾಫಿ_ಹೂಮಳೆ
ನನಗೆ ಪಜಲ್ ಗೊತ್ತಿಲ್ಲ. ಆದರೆ ನಾನು ಕುಶಾಲನಗರದ ಕಡೆ ಕಾಫಿ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಏಳು ವರ್ಷ ಬೀಜ ಆರಿಸಿದವಳು. ಅದಕ್ಕೆ ಬರೆಯುತ್ತಿದ್ದೇನೆ.

ಮೇಲಿಂದ ನೋಡಿದರೆ ಹಸಿ ಬೀಜ ಎಲ್ಲ ಒಂದೇ. ಹೊಸಬರು ಬಣ್ಣ ನೋಡುತ್ತಾರೆ, ಕಣ್ಣು ಸೋಲುತ್ತದೆ. ಹಳಬರು ನೆರಳು ನೋಡುತ್ತಾರೆ. ಬೆಳಕು ನೆತ್ತಿಯ ಮೇಲಿಂದ ಬಿದ್ದರೆ ಏನೂ ಕಾಣುವುದಿಲ್ಲ. ಪಕ್ಕದ ಕಿಟಕಿಯಿಂದ ಅಡ್ಡ ಬಿದ್ದರೆ ತೂತು ಬಿದ್ದದ್ದು, ಒಡೆದದ್ದು, ಪೀಬೆರಿಯ (ಹಣ್ಣಿನಲ್ಲಿ ಒಂಟಿಯಾಗಿ ಬೆಳೆದ ಬೀಜ) ದುಂಡು ಬೆನ್ನು ಎಲ್ಲ ಎದ್ದು ಕಾಣುತ್ತದೆ. ಸಂಜೆ ಟ್ಯೂಬ್‌ಲೈಟ್ ಹಾಕಿದ ಮೇಲೆ ಆರಿಸಿದ್ದರಲ್ಲಿ ಬಿಬಿಬಿ ಉಳಿದುಬಿಡುತ್ತಿತ್ತು. ಮರುದಿನ ಮೇಸ್ತ್ರಿ ಕೈಲಿ ಬೈಸಿಕೊಳ್ಳುತ್ತಿದ್ದೆವು. ನಿಮ್ಮ ಮೇಜಿನ ದೀಪ ಎಲ್ಲಿದೆ?

ಗಾಳಿಬೀಡು_ಮಳೆಮನೆ
ಸರಿಯಾಗಿ ಮೇಜಿನ ಮೇಲೇ. ಎಲ್‌ಇಡಿ ಬಲ್ಬು, ಹಗಲಿನ ಹಾಗೆ ಬೆಳಕು. ಅದರಲ್ಲಿ ತೊಂದರೆ ಏನೂ ಇಲ್ಲ ಅಮ್ಮ.

ಬೆಂಗಳೂರಲ್ಲಿ_ಕೊಡಗಿನವ
ಬಿಬಿಬಿ ಅಂದರೆ ಏನು?

ಕಾಫಿ_ಹೂಮಳೆ
ಬ್ಲಾಕ್, ಬ್ರೌನ್, ಬಿಟ್ಸ್. ಕಪ್ಪು, ಕಂದು, ಚೂರು. ಕೊಡಗಿನವ ಅಂತ ಹೆಸರು ಇಟ್ಟುಕೊಂಡಿದ್ದೀರಲ್ಲ ಮಗ!

ಬೆಂಗಳೂರಲ್ಲಿ_ಕೊಡಗಿನವ
ಕ್ಷಮಿಸಿ ಆಂಟಿ, ನಾವು ಭತ್ತದ ಕಡೆಯವರು 🙏

ಗಾಳಿಬೀಡಿನ ಅಂಕಲ್‌ಗೆ ಸಮಾಧಾನ ಆಗಲಿ ಅಂತ ಹೇಳುತ್ತೇನೆ. ರಾವೆನ್ಸ್‌ಬರ್ಗರ್ ಕಂಪನಿಯದ್ದು ಕ್ರಿಪ್ಟ್ ಅಂತ ಒಂದು ಬರುತ್ತದೆ. 654 ತುಂಡು, ಚಿತ್ರವೇ ಇಲ್ಲ, ಪೂರ್ತಿ ಬೆಳ್ಳಿ ಬಣ್ಣ. ನನ್ನ ರೂಮ್‌ಮೇಟ್ ತಂದಿದ್ದ. ಎರಡು ತಿಂಗಳು ಆಯಿತು. ಈಗ ಅದರ ಮೇಲೆ ಬಟ್ಟೆ ಮಡಚಿ ಇಡುತ್ತಾನೆ.

ನಿಮ್ಮದು ಬಹುಶಃ ನಾಯ್‌ಶ್ವಾನ್‌ಸ್ಟೈನ್ ಕೋಟೆ. ಬವೇರಿಯಾದ್ದು. ಪಜಲ್ ಕಂಪನಿಗಳಿಗೆ ಅದರ ಮೇಲೆ ಅದೇನು ಮೋಹವೋ.

ಹಳೆ_ಡಬ್ಬ
ನಮ್ಮ ಕೊಡಗಿನ ನಾಲ್ಕುನಾಡು ಅರಮನೆಯ ಪಜಲ್ ಯಾರೂ ಮಾಡುವುದಿಲ್ಲ ನೋಡಿ.

ಬೈಂಬಳೆ_ಪ್ರಿಯ
ಮಾಡಿದರೆ ಹಿಂದುಗಡೆ ತಡಿಯಂಡಮೋಳ್ ಬೆಟ್ಟ, ಅದರ ಮೇಲೆ ಮಂಜು. 400 ತುಂಡು ಬೂದಿ ಬಣ್ಣ. ಬೇಡವೇ ಬೇಡ.

ಲೆಕ್ಕದ_ಮೇಷ್ಟ್ರು
ಗಾಳಿಬೀಡಿನವರೇ, ಒಂದು ಕೆಲಸ ಮಾಡಿ. ಅಂಚಿನ ತುಂಡು ಎಣಿಸಿ. 1000 ಅಂತ ಬರೆದಿದ್ದರೂ ಹಲವು ಪಜಲ್‌ಗಳಲ್ಲಿ ಅಡ್ಡ 38, ಉದ್ದ 27, ಅಂದರೆ 1026 ಇರುತ್ತದೆ. ಸರಿಯಾಗಿ 1000 ಇದ್ದರೆ 40ಕ್ಕೆ 25. ಮಜಾ ಏನೆಂದರೆ ಎರಡರಲ್ಲೂ ಅಂಚು 126 ತುಂಡೇ. ಮೇಲಿನ ಸಾಲು, ಕೆಳಗಿನ ಸಾಲು ಸಮ ಬರದಿದ್ದರೆ ಅಂಚಿನಲ್ಲೇ ತಪ್ಪಿದೆ.

ಗಾಳಿಬೀಡು_ಮಳೆಮನೆ
ಎಣಿಸಿದೆ. ಮೇಲೆ 38, ಕೆಳಗೆ 38. ಎರಡು ಬದಿ 27, 27. ಅಂಚು ಸರಿಯಿದೆ. ಅಂಚು ಮಾಡಿದ್ದು ನಾನು, ಅದರಲ್ಲಿ ಸಂಶಯ ಬೇಡ.

ಗೋಣಿಕೊಪ್ಪದ_ಅಕ್ಕ
ಅಣ್ಣ, ಮೇಲಿನ ಅಂಚೂ ಬರೀ ನೀಲಿಯೇ ಅಲ್ವಾ?

ಗಾಳಿಬೀಡು_ಮಳೆಮನೆ
ಹೌದು. ಆದರೆ ಗಟ್ಟಿಯಾಗಿ ಕೂತಿದೆ.

ಸೋಮವಾರಪೇಟೆ_ಹುಡುಗ
"ಗಟ್ಟಿಯಾಗಿ ಕೂತಿದೆ" 😬

ಬೈಂಬಳೆ_ಪ್ರಿಯ
ಸಂಬಂಧ ಇಲ್ಲದ ಪ್ರಶ್ನೆ. ಆಗಸ್ಟ್ 3ಕ್ಕೆ ಪಾಯಸಕ್ಕೆ ಹಾಕುವ ಮದ್ದು ಸೊಪ್ಪು ಮಡಿಕೇರಿ ಪೇಟೆಯಲ್ಲಿ ಸಿಗುತ್ತದಾ? ನಮ್ಮ ತೋಟದ ಬದುವಿನಲ್ಲಿ ಇದ್ದದ್ದು ಮಣ್ಣಿನ ಜೊತೆ ಕೊಚ್ಚಿಹೋಯಿತು.

ಗೋಣಿಕೊಪ್ಪದ_ಅಕ್ಕ
ಸಿಗುತ್ತದೆ. ಬೆಳಿಗ್ಗೆ ಬೇಗ ಹೋಗಿ. ಪಾಯಸ ಮಾಡಿ ಬೆಂಗಳೂರಿನ ನೆಂಟರಿಗೆ ಕೊಟ್ಟರೆ ಮರುದಿನ ಮೂತ್ರ ಕೆಂಪು ಬರುತ್ತದೆ ಅಂತ ಮೊದಲೇ ಹೇಳಿಬಿಡಿ. ಹೋದ ಸಲ ನಮ್ಮ ಮೈದುನನ ಹೆಂಡತಿ ಅತ್ತುಬಿಟ್ಟಳು ಪಾಪ.

ಹಳೆ_ಡಬ್ಬ
ದಾರಿ ತಪ್ಪಿತು ಚರ್ಚೆ.

ಬೈಂಬಳೆ_ಪ್ರಿಯ
ತಪ್ಪಲಿ ಬಿಡಿ. ಆಕಾಶ ಎಲ್ಲಿಗೂ ಹೋಗುವುದಿಲ್ಲ.

ಗಾಳಿಬೀಡು_ಮಳೆಮನೆ
ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ಕರೆಂಟ್ ಇರಲಿಲ್ಲ. ರಸ್ತೆಯ ಮೇಲೆ ಸಿಲ್ವರ್ ಓಕ್ ಬಿದ್ದು ತಂತಿ ಎಳೆದುಕೊಂಡು ಹೋಗಿತ್ತು. ಇನ್ವರ್ಟರ್ ಮೊದಲ ರಾತ್ರಿಯೇ ಸತ್ತಿತು. ಫೋನನ್ನು ಜೀಪಿನಲ್ಲಿ ಚಾರ್ಜ್ ಮಾಡಿಕೊಂಡು ಬರೆಯುತ್ತಿದ್ದೇನೆ.

ಎರಡನೆಯ ರಾತ್ರಿ ಎಂತ ಮಾಡುವುದು ಅಂತ ಗೊತ್ತಾಗದೆ ಟಾರ್ಚನ್ನು ಮೇಜಿನ ತುದಿಯಲ್ಲಿ ಮಲಗಿಸಿ ಇಟ್ಟೆ. ನೀರು ಕುಡಿಯಲು ಎದ್ದೆ, ಅಷ್ಟೇ. ತಿರುಗಿ ನೋಡುತ್ತೇನೆ, ಮೇಲಿನ ಅಂಚಿನಲ್ಲಿ ಎರಡು ಕಡೆ ಕೂದಲಿನಷ್ಟು ಸಣ್ಣ ನೆರಳು. ಬೇರೆ ಯಾವ ಕಡೆಯೂ ಇಲ್ಲ. ಬೆರಳಾಡಿಸಿದರೆ ಆ ಎರಡು ತುಂಡು ಅಕ್ಕಪಕ್ಕದ್ದಕ್ಕಿಂತ ಒಂಚೂರು ಎದ್ದಿವೆ. ಎಡದಿಂದ ಒಂಬತ್ತನೆಯದು ಮತ್ತು ಇಪ್ಪತ್ತಮೂರನೆಯದು. ಅವು ಅದಲು ಬದಲಾಗಿದ್ದವು. ಚಾಕುವಿನ ತುದಿಯಲ್ಲಿ ಎಬ್ಬಿಸಿ ಬದಲಾಯಿಸಿದೆ. ಗುದ್ದುವುದು ಬೇಕಾಗಲಿಲ್ಲ, ಬೆರಳು ಇಟ್ಟಾಗಲೇ ಕೂತವು.

ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. 38 ಇದ್ದದ್ದು 38ರಷ್ಟೇ ಇತ್ತು. ಜಾಗ ಮಾತ್ರ ಬೇರೆ. ಆ ಎರಡರ ಕೆಳಗೆ ಬರಬೇಕಾದ ತುಂಡನ್ನು ನಾನು ಎಷ್ಟು ಸಲ ಕೈಗೆ ತೆಗೆದುಕೊಂಡು "ಇದಲ್ಲ" ಅಂತ ಬಿಸಾಡಿದ್ದೇನೋ. ಮುಷ್ಟಿಯ ಗುರುತು ಇನ್ನೂ ಒಂದರ ಮೇಲೆ ಇದೆ, ನೀಲಿ ಕಾಗದ ಸ್ವಲ್ಪ ಒಳಗೆ ಹೋಗಿದೆ. ಅಂಚು ಮುಗಿದ ರಾತ್ರಿ ಮಗಳಿಗೆ ಫೋಟೋ ಕಳಿಸಿದ್ದೆ. "ಅಪ್ಪ, ಮೇಲಿನದ್ದು ಇನ್ನೊಂದು ಸಲ ನೋಡು" ಅಂದಿದ್ದಳು. ನೆಟ್‌ವರ್ಕ್ ಸರಿ ಇಲ್ಲ ಅಂತ ಫೋನ್ ಇಟ್ಟೆ.

ಕಾಫಿ ಹೂಮಳೆ ಅಮ್ಮ, ನಿಮ್ಮ ಮಾತಿಗೆ "ತೊಂದರೆ ಏನೂ ಇಲ್ಲ" ಅಂದೆನಲ್ಲ, ತಪ್ಪಾಯಿತು.

ಕಾಫಿ_ಹೂಮಳೆ
ಅಯ್ಯೋ, ತಪ್ಪು ಗಿಪ್ಪು ಯಾಕೆ. ಟಾರ್ಚನ್ನು ಈಗ ಇನ್ನೊಂದು ಬದಿಯಿಂದಲೂ ಇಟ್ಟು ನೋಡಿ. ಒಂದೇ ಕಡೆಯ ಬೆಳಕಿಗೆ ಕೆಲವು ನೆರಳು ಅಡಗಿಕೊಳ್ಳುತ್ತವೆ.

ಲೆಕ್ಕದ_ಮೇಷ್ಟ್ರು
ಎಣಿಕೆ ಸರಿ ಬಂದರೆ ಉತ್ತರ ಸರಿ ಅಂತ ನಾನು ಬರೆದಿಲ್ಲ. ಎಣಿಕೆ ತಪ್ಪಿದರೆ ಉತ್ತರ ತಪ್ಪು ಅಂದಿದ್ದೆ. ಎರಡೂ ಒಂದೇ ಅಲ್ಲ. ಮೇಲೆ ಹೋಗಿ ಓದಿ.

ಗೋಣಿಕೊಪ್ಪದ_ಅಕ್ಕ
ಮೇಷ್ಟ್ರು ಸೋಲುವುದಿಲ್ಲ 😄

ಅಣ್ಣ, ಅದನ್ನು ಸರಿ ಮಾಡಿದ ಮೇಲೆ ಎಷ್ಟು ಕೂತವು?

ಗಾಳಿಬೀಡು_ಮಳೆಮನೆ
ಆ ರಾತ್ರಿ ಏಳು. ಮರುದಿನ ಹದಿಮೂರು. ಮಾಯೆಯೇನೂ ಆಗಲಿಲ್ಲ, ಬೇರೆ ಕಡೆಗಳಲ್ಲಿ ಇನ್ನೂ ಒಂದೊಂದನ್ನೇ ಇಟ್ಟು ನೋಡಬೇಕು. ಡಬ್ಬದಲ್ಲಿಟ್ಟ ತುಂಡುಗಳೂ ಒಣಗಿ ಹಗುರವಾಗಿವೆ, ಹೊರಗೆ ತೆಗೆದ ಮೂರನೆಯ ಗಂಟೆಗೆ ಮತ್ತೆ ಬಿಗಿಯಾಗುತ್ತವೆ. ಹಾಗಾಗಿ ಈಗ ಹತ್ತು ಹತ್ತು ತೆಗೆಯುತ್ತೇನೆ. ಇವತ್ತಿಗೆ ಉಳಿದದ್ದು 164.

ಅಕ್ಕ, ನೀವು ಹೇಳಿದ ಹಾಗೆ ಓಡಾಡುತ್ತಲೂ ನೋಡಿದೆ. ನನಗೆ ಆಗುವುದಿಲ್ಲ. ಆದರೆ ನಮ್ಮ ಮನೆಯವರು ಅಡುಗೆಮನೆಗೆ ಹೋಗುವಾಗ ಬರುವಾಗ ಮಾತಾಡದೆ ಐದು ಕೂರಿಸಿದ್ದಾರೆ. ಪಜಲ್ ಅಂದರೆ ಹೊತ್ತು ಹಾಳು ಅಂದವರು ಅವರೇ.

ಗೋಣಿಕೊಪ್ಪದ_ಅಕ್ಕ
ಅವರಿಗೆ ನನ್ನ ನಮಸ್ಕಾರ ಹೇಳಿ. ಇನ್ನು ಮೇಜು ಖಾಲಿ ಮಾಡಿ ಅಂತ ಹೇಳುವುದಿಲ್ಲ ನೋಡಿ.

ಗಾಳಿಬೀಡು_ಮಳೆಮನೆ
ಇಲ್ಲ, ಹೇಳಿದರು. ಪ್ಲೈವುಡ್ ತರಿಸಿ ಅದರ ಮೇಲೆ ಜಾರಿಸಿಕೊಂಡು ಮಂಚದ ಕೆಳಗೆ ಇಡಬೇಕಂತೆ. ಸಾಗಿಸುವಾಗ ಹಿಡಿದುಕೊಳ್ಳಲು ನಾಲ್ಕು ಜನ ಬೇಕು. ಕೈಲ್ ಮುಹೂರ್ತಕ್ಕೆ ಬಂದ ನೆಂಟರಿಗೆ ಪಂದಿ ಕರಿ, ಕಡಂಬುಟ್ಟು ಬಡಿಸುವ ಮೊದಲು ಆ ಕೆಲಸ.

ಹಳೆ_ಡಬ್ಬ
ಸಾಗಿಸುವಾಗ ಕೆಳಗೆ ಬಿದ್ದರೆ ಒಳ್ಳೆಯದೇ. ಮುಚ್ಚಳ ನೋಡದೆ ಇನ್ನೊಂದು ಸಲ ಮಾಡಬಹುದು.

ಗಾಳಿಬೀಡು_ಮಳೆಮನೆ
ನಿಮ್ಮನ್ನು ಕರೆಯುವುದಿಲ್ಲ.

ಸೋಮವಾರಪೇಟೆ_ಹುಡುಗ
ನಾನು ಬರುತ್ತೇನೆ ಅಣ್ಣ, ಹಿಡಿದುಕೊಳ್ಳಲು. ಕಡಂಬುಟ್ಟು ಎಷ್ಟು ಗಂಟೆಗೆ?

ಬೈಂಬಳೆ_ಪ್ರಿಯ
ನಾನೂ ಬರುತ್ತೇನೆ. ಅಷ್ಟರೊಳಗೆ ಯಾರಾದರೂ ಹೇಳಿ, ಭಾಗಮಂಡಲ ಸಂಗಮದಲ್ಲಿ ನೀರು ಇಳಿಯಿತಾ? ನಾಪೋಕ್ಲು ಕಡೆಯಿಂದ ದಾಟುವುದಕ್ಕೆ ಆಗುತ್ತಾ, ಇಲ್ಲವಾ?